ನೀರಿನ ಲೋಟ ಬಲಗಡೆ ಇಟ್ಟ ಸೊಸೆ

ಹೆಸರು, ಊರು, ಮನೆಯವರ ವಿವರ ಬದಲಿಸಿದ್ದೇನೆ. ಗುರುತು ಸಿಗಬಾರದೆಂದು ಇಂಥದೇ ಬೇರೆ ಪ್ರಕರಣಗಳ ಒಂದೆರಡು ಸಂಗತಿಗಳನ್ನೂ ಬೆರೆಸಿದ್ದೇನೆ.

ಇವರನ್ನು ಸುಜಾತ ಅನ್ನೋಣ. ನಲವತ್ತು ದಾಟಿದ ಗೃಹಿಣಿ. ತಿಪಟೂರು ಸೀಮೆಯ ತೆಂಗಿನ ತೋಟದ ಮನೆ. ತೋಟ ಗಂಡನ ಉಸ್ತುವಾರಿ, ಮಗಳು ಪಿಯುಸಿ ಓದುತ್ತಿದ್ದಾಳೆ. ಮೈದುನ ಬೆಂಗಳೂರಿನಲ್ಲಿ, ನಾದಿನಿ ಅರಸೀಕೆರೆಯಲ್ಲಿ. ಬಂದಾಗ ಹೇಳಿಕೊಂಡ ತೊಂದರೆ ನಿದ್ದೆ ಇಲ್ಲ, ತಲೆನೋವು, ಸಣ್ಣದಕ್ಕೆಲ್ಲ ರೇಗುವುದು. ಬಿಪಿ, ಥೈರಾಯ್ಡ್, ರಕ್ತ ಎಲ್ಲ ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದಾದ ಮೇಲೆ ಡಾಕ್ಟರೇ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕಳಿಸಿದ್ದರು. ಅತ್ತೆಗೆ ಲಕ್ವ ಹೊಡೆದು ಎಂಟು ತಿಂಗಳಾಗಿದೆ ಎಂಬುದು ಮಾತಿನ ನಡುವೆ ಎಲ್ಲೋ ಬಂತು, ಅದಕ್ಕೂ ತಮ್ಮ ತಲೆನೋವಿಗೂ ಸಂಬಂಧವೇ ಇಲ್ಲವೆಂಬಂತೆ.

ಆಮೇಲೆ ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಚುತ್ತ ಕೂತಿದ್ದು, "ಮೇಡಂ, ಮೊನ್ನೆ ನೀರಿನ ಲೋಟ ಬಲಗಡೆ ಇಟ್ಟೆ" ಅಂದರು.

ಅತ್ತೆಗೆ ಸ್ವಾಧೀನ ತಪ್ಪಿರುವುದು ಬಲಗೈ, ಬಲಗಾಲು. ದಿಂಬಿಗೆ ಒರಗಿಸಿ ಕೂರಿಸಿದರೆ ಎಡಗೈಯಲ್ಲಿ ಲೋಟ ಹಿಡಿದು ತಾವೇ ಕುಡಿಯುತ್ತಾರೆ. ಹಾಗಾಗಿ ಲೋಟ ಯಾವಾಗಲೂ ಎಡಗಡೆಯ ಸ್ಟೂಲಿನ ಮೇಲೆ.

"ಕಾಣೋ ಹಾಗೇ ಇಟ್ಟೆ, ಸಿಗದ ಹಾಗೆ. ಬಾಗ್ಲತ್ರ ನಿಂತ್ಕೊಂಡು ನೋಡ್ದೆ. ಎಡಗೈ ಎತ್ತಿ ಎತ್ತಿ ಹಾಕ್ತಿದ್ರು ಆಯಮ್ಮ. ಅಷ್ಟೊತ್ತಿಗೆ ಕಾಲೇಜಿಂದ ಮಗಳು ಬಂದ್ಲು. ನನ್ನ ಮುಖ ನೋಡಿದ್ಲು, ಲೋಟ ಈ ಕಡೆಗಿಟ್ಟು ಒಳಗೆ ಹೋದ್ಲು. ಒಂದ್ ಮಾತೂ ಆಡ್ಲಿಲ್ಲ."

ಅವರನ್ನು ನನ್ನ ಹತ್ತಿರ ಕರೆತಂದದ್ದು ನಿಜಕ್ಕೂ ಆ ಮಗಳ ಮೌನ. ಲೋಟ ಮೊದಲನೆಯದಲ್ಲ. ಬಟ್ಟೆ ಒದ್ದೆಯಾದದ್ದು ಗೊತ್ತಿದ್ದೂ ಧಾರಾವಾಹಿ ಮುಗಿಯಲಿ ಎಂದು ಕೂತದ್ದಿದೆ. ಸ್ನಾನ ಮಾಡಿಸುವಾಗ ಕೈ ಬಿರುಸಾದದ್ದಿದೆ.

ಮದುವೆಯಾಗಿ ಹತ್ತೊಂಬತ್ತು ವರ್ಷ. ಆ ವರ್ಷಗಳ ದೂರುಗಳನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಡುಗೆ, ತವರಿನವರು ಕೊಟ್ಟದ್ದು, ಹೆಣ್ಣು ಹೆತ್ತದ್ದು, ಎಲ್ಲ ಮನೆಗಳಲ್ಲೂ ಕೇಳುವಂಥವೇ. ಒಂದನ್ನು ಮಾತ್ರ ಹೇಳಬೇಕು. ಮದುವೆಯಾದ ಹೊಸತರಲ್ಲಿ ಸುಜಾತರ ತಂದೆ ತೀರಿಕೊಂಡರು. ಪಕ್ಕದ ಮನೆಯ ಫೋನಿಗೆ ಸುದ್ದಿ ಬಂದದ್ದು ಬೆಳಿಗ್ಗೆ. ಅವತ್ತು ಮನೆಯಲ್ಲಿ ಕೊಬ್ಬರಿ ಸುಲಿಯುವ ಆಳುಗಳಿದ್ದರು. ಅವರಿಗೆಲ್ಲ ಮುದ್ದೆ ಬೇಯಿಸಿ, ಬಡಿಸಿ, ಪಾತ್ರೆ ತೊಳೆದ ಮೇಲೆ, ಸಂಜೆ, "ನಿಮ್ಮಪ್ಪಂಗೆ ಹುಷಾರಿಲ್ವಂತೆ, ಹೋಗ್ಬಾ" ಎಂದರಂತೆ ಅತ್ತೆ. ತವರಿಗೆ ಹೋಗಿ ಸೇರುವಷ್ಟರಲ್ಲಿ ಮಣ್ಣಾಗಿತ್ತು.

"ಮುಖ ನೋಡೋಕೂ ಬಿಡ್ಲಿಲ್ಲ ಮೇಡಂ. ಈಗ ಆ ಮುಖ ತೊಳೀತಿರೋದು ನಾನು."

ಮೊದಲ ದಿನವೇ ಒಂದು ವಿಷಯ ಸ್ಪಷ್ಟ ಮಾಡಿದೆ. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ, ಆದರೆ ಹಾಸಿಗೆ ಹಿಡಿದವರ ಜೀವಕ್ಕೆ ಅಪಾಯ ಎನಿಸಿದರೆ ನಾನು ಸುಮ್ಮನಿರುವಂತಿಲ್ಲ. ಹೀಗೆಂದರೆ ಎದ್ದು ಹೋಗುತ್ತಾರೆ ಎಂದು ಕೆಲವು ಸಹೋದ್ಯೋಗಿಗಳ ಆತಂಕ. ಸುಜಾತ ಹೋಗಲಿಲ್ಲ. ಯಾರೋ ತಮ್ಮ ಕೈ ಹಿಡಿದು ನಿಲ್ಲಿಸಲಿ ಎಂದೇ ಅವರು ಬಂದದ್ದು ಅಂತ ನನಗನಿಸಿತು. ರಾತ್ರಿ ಹೊತ್ತು ಸಿಟ್ಟು ಮಿತಿ ಮೀರಿದರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕ್ಷಮಿಸಿಬಿಡಿ ಎಂದು ಹೇಳಲಿಲ್ಲ. ಅದನ್ನು ಹೇಳುವವರು ಅವರ ಸುತ್ತ ಬೇಕಾದಷ್ಟು ಜನ ಇದ್ದರು. ಓರಗಿತ್ತಿಯಿಂದ ಹಿಡಿದು ಊರ ಹಿರಿಯರವರೆಗೆ ಎಲ್ಲರದ್ದೂ ಒಂದೇ ಮಾತು: ಮುದುಕಿ ಇನ್ನೆಷ್ಟು ದಿನ, ಅವಳೂ ಒಂದು ಕಾಲಕ್ಕೆ ಸೊಸೆಯಾಗಿ ಅನುಭವಿಸಿದವಳು, ಪುಣ್ಯ ಕಟ್ಟಿಕೋ. ಈ ಸಲಹೆ ಕೊಡುವವರು ಸಾಮಾನ್ಯವಾಗಿ ಬೆಡ್‌ಪ್ಯಾನ್ ಮುಟ್ಟದವರು. ನೋವನ್ನು ಪೂರ್ತಿ ಕೇಳಿಸಿಕೊಳ್ಳದೆ ಕರುಣೆ ಬೇಡಿದರೆ, ಬೇಡಿಸಿಕೊಂಡವರಿಗೆ ಅದು ಎರಡನೇ ಅನ್ಯಾಯದಂತೆ ಕೇಳಿಸುತ್ತದೆ.

ಹಾಗಾಗಿ ಮೊದಲು ಆ ಸಂಜೆಯನ್ನೇ ಮಾತಾಡಿದೆವು. ಒಂದು ನೋಟ್‌ಬುಕ್ಕಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯಿರಿ, ಯಾರಿಗೂ ತೋರಿಸಬೇಡಿ ಎಂದೆ. ಬರೆದು ತಂದರು. ಓದಿ ಹೇಳುವಾಗ ಅತ್ತೆಯ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಹೊರಬಂದದ್ದು ಅಪ್ಪನಿಗಾಗಿ ಅಳು. ಅವರು ಅಪ್ಪನಿಗಾಗಿ ಅತ್ತೇ ಇರಲಿಲ್ಲ. ವಾಪಸ್ ಬಂದ ಮರುದಿನವೇ ಮತ್ತೆ ಆಳುಗಳಿಗೆ ಅಡುಗೆ ಮಾಡಿದ್ದರು.

ಇನ್ನೊಂದನ್ನು ನೇರವಾಗಿ ಕೇಳಿದೆ: ಲೋಟ ಬಲಗಡೆ ಇಟ್ಟ ರಾತ್ರಿ ನಿದ್ದೆ ಬಂತೇ? ಇಲ್ಲ, ಎರಡು ಗಂಟೆವರೆಗೆ ಹಳೆಯದೆಲ್ಲ ಮತ್ತೆ ಮತ್ತೆ ಬಂತು ಎಂದರು. ಸೇಡಿನ ಸ್ವಭಾವವೇ ಅದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಾರ್ಲ್‌ಸ್ಮಿತ್, ವಿಲ್ಸನ್ ಮತ್ತು ಗಿಲ್ಬರ್ಟ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೋಸ ಮಾಡಿದವರನ್ನು ಶಿಕ್ಷಿಸಲು ಅವಕಾಶ ಸಿಕ್ಕವರು ಅದರಿಂದ ಸಮಾಧಾನವಾಗುತ್ತದೆಂದೇ ಭಾವಿಸಿದ್ದರು. ಆದರೆ ಅವಕಾಶ ಸಿಗದವರಿಗಿಂತ ಅವರ ಮನಸ್ಸೇ ಹೆಚ್ಚು ಕೆಟ್ಟಿತ್ತು, ಮೋಸ ಮಾಡಿದವನ ಬಗ್ಗೆಯೇ ಯೋಚಿಸುತ್ತ ಉಳಿದಿದ್ದರು. ಸುಜಾತ ಇದನ್ನು ಕೇಳಿ, "ಓದಿದೋರು ಹೇಳ್ಬೇಕಿತ್ತಾ ಇದನ್ನ" ಅಂದು ನಕ್ಕರು.

ಪ್ರಕರಣ ತಿರುಗಿದ್ದು ಮಾತ್ರ ನಾನು ಎಣಿಸಿರದ ಕಡೆಯಿಂದ.

"ಇಷ್ಟೆಲ್ಲ ಮಾಡಿದ್ರೂ ಇವತ್ತಿಗೂ ನನ್ನ ಹಾಳಾದೋಳೇ ಅಂತ್ಲೇ ಬೈಯೋದು" ಎಂದರು ಒಂದು ದಿನ. ಮಾತೇ ನಿಂತುಹೋಗಿದೆ ಅಂದಿದ್ದಿರಲ್ಲ ಎಂದೆ. "ಬೇರೆ ಎಲ್ಲಾ ಮಾತೂ ಹೋಯ್ತು. ಅದೊಂದು ಉಳೀತು. ನೀರು ಕೊಟ್ರೆ ಹಾಳಾದೋಳೇ, ಮಗ್ಗುಲು ತಿರುಗ್ಸಿದ್ರೆ ಹಾಳಾದೋಳೇ."

ಬೇರೆ ಯಾರಿಗಾದರೂ ಹಾಗೆ ಅನ್ನುತ್ತಾರಾ ಎಂದು ಕೇಳಿದೆ. ಅವರು ಯೋಚಿಸಿದರು. ಮೊಮ್ಮಗಳ ಕೆನ್ನೆ ಸವರುತ್ತ ಹಾಗೇ ಅಂದಿದ್ದಾರೆ. ನೋಡಲು ಬಂದ ಡಾಕ್ಟರಿಗೂ ಅಂದಿದ್ದಾರೆ. ಆಮೇಲೆ, "ಅಯ್ಯೋ, ಮಗಂಗೂ ಹಾಳಾದೋಳೇ ಅಂತಾರೆ ಮೇಡಂ!" ಎಂದು ತಾವೇ ಬೆರಗಾದರು.

ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಇರುವುದು ಮೆದುಳಿನ ಎಡಭಾಗದಲ್ಲಿ. ಬಲಗೈ ಬಲಗಾಲನ್ನು ನಡೆಸುವುದೂ ಅದೇ ಭಾಗ. ಅದಕ್ಕೇ ಬಲಗಡೆ ಲಕ್ವ ಹೊಡೆದವರಲ್ಲಿ ಅನೇಕರಿಗೆ ಮಾತೂ ಹೋಗುತ್ತದೆ. ಬೇಕಾದ ಪದ ಹುಡುಕಿ ಆಡುವ ಶಕ್ತಿ ಹೋದರೂ, ವರ್ಷಗಟ್ಟಲೆ ನಾಲಿಗೆಗೆ ರೂಢಿಯಾದದ್ದು ಉಳಿಯಬಹುದು. ಎಣಿಕೆ, ದೇವರ ಹೆಸರು, ಹಾಡು, ಬೈಗುಳ ಇಂಥವು. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ನೋಡಿದ ಪ್ರಸಿದ್ಧ ರೋಗಿಯ ಬಾಯಲ್ಲಿ ಏನು ಕೇಳಿದರೂ 'ಟಾನ್' ಎಂಬ ಸದ್ದು, ಸಿಟ್ಟು ಬಂದಾಗ ಒಂದು ಬೈಗುಳ. ಅಂದರೆ ಸುಜಾತರ ಅತ್ತೆ ನೀರು ಕೇಳುವುದಕ್ಕೂ, ಸಾಕು ಅನ್ನುವುದಕ್ಕೂ, ಮೊಮ್ಮಗಳನ್ನು ಮುದ್ದು ಮಾಡುವುದಕ್ಕೂ ಅದೊಂದೇ ಪದ. ಹತ್ತೊಂಬತ್ತು ವರ್ಷ ಬೈದದ್ದು ಬೈಗುಳವೇ, ಅದನ್ನು ನಾನು ಅಲ್ಲಗಳೆಯಲಿಲ್ಲ. ಈಗ ಬರುತ್ತಿರುವುದರಲ್ಲಿ ಬೈಯುವ ಉದ್ದೇಶ ಇದ್ದಂತೆ ಕಾಣುವುದಿಲ್ಲ ಎಂದಷ್ಟೇ ಹೇಳಿದೆ. ಕಾರಣವಿಲ್ಲದೆ ಬಿಕ್ಕಿ ಬಿಕ್ಕಿ ಅಳುವುದೂ ಅಷ್ಟೆ. ಅದನ್ನು ಮನೆಯವರೆಲ್ಲ ನಾಟಕ ಅಂದುಕೊಂಡಿದ್ದರು. ಲಕ್ವದ ನಂತರ ಅಳು ನಗು ಹತೋಟಿ ತಪ್ಪುವುದುಂಟು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಹೋಗಿ ಎಂದೆ. ಅಲ್ಲಿಗೆ ಹೋಗುವ ಮೊದಲೇ ಮನೆಯಲ್ಲಿ ಒಂದು ನಡೆಯಿತು. ಫಿಸಿಯೋಥೆರಪಿಯವರು ಹೇಳಿಕೊಟ್ಟ ಹಾಗೆ ಅತ್ತೆಯ ಬಲಗೈ ಮಡಚಿ ಬಿಡಿಸುತ್ತ ಸುಜಾತ ಲೆಕ್ಕ ಹೇಳುತ್ತಿದ್ದರಂತೆ. ಇವರು "ಒಂದು" ಅಂದರೆ ಅತ್ತೆ "ಲಾಭ" ಅಂದರು. ನಮ್ಮ ಕಡೆ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಇವರು ಮತ್ತೆ "ಲಾಭ" ಎಂದು ಶುರು ಮಾಡಿದರು. ಅತ್ತೆ ಎರಡು, ಮೂರು, ನಾಲ್ಕು ಎಂದು ಹದಿಮೂರರ ತನಕ ತಡವರಿಸದೆ ಹೋದರು. ಇದನ್ನು ಹೇಳುವಾಗ ಸುಜಾತರಿಗೆ ಉಬ್ಬಸ ಬಂದಂತಿತ್ತು. "ಅತ್ತೆ ಧ್ವನಿ ಕೇಳಿ ಎಂಟೊಂಬತ್ತು ತಿಂಗಳಾಗಿತ್ತು ಮೇಡಂ. ಕಣದಲ್ಲಿ ಕೂತು ಅಳೀತಿದ್ದ ಹಾಗೇ ಇತ್ತು."

ಕರುಣೆ ಎಂಬುದನ್ನು ನಾನು ಕಂಡದ್ದು ಅಲ್ಲಿ. ಅತ್ತೆಯ ಬಾಲ್ಯದ ಕಷ್ಟ ತಿಳಿದೋ, ಪುಣ್ಯದ ಆಸೆಯಿಂದಲೋ ಬಂದದ್ದಲ್ಲ. ಮಂಚದ ಮೇಲಿರುವವರು ತನ್ನ ವೈರಿಯಷ್ಟೇ ಅಲ್ಲ, ಒಳಗೆ ಸಿಕ್ಕಿಹಾಕಿಕೊಂಡಿರುವ ಒಬ್ಬ ಮನುಷ್ಯೆ ಎಂದು ಕಿವಿಗೆ ಬಿದ್ದಾಗ ಬಂದದ್ದು.

ಆದರೆ ಕರುಣೆಗೂ ಬೆನ್ನುನೋವು ಬರುತ್ತದೆ. ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಅದನ್ನು ಎಂಟು ತಿಂಗಳು ಒಬ್ಬರೇ ಮಾಡಿದರೆ ಸಂತರಿಗೂ ಸಿಟ್ಟು ಬಂದೀತು. ಗಂಡನನ್ನು ಕರೆಸಿದೆ. ಒಳ್ಳೆಯ ಮನುಷ್ಯ, ಅಮ್ಮನ ಕೋಣೆಗೆ ದಿನಕ್ಕೆ ಎರಡು ಸಲ ಹೋಗಿ "ಊಟ ಆಯ್ತೇನಮ್ಮ" ಎಂದು ಕೇಳಿ ಬರುವವರು. ಹಿರಿಯ ನಾಗರಿಕರ ಪಾಲನೆ, ಪೋಷಣೆಯ 2007ರ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಗ, ಮೊಮ್ಮಗಳು. ಆ ವ್ಯಾಖ್ಯಾನದಲ್ಲಿ ಸೊಸೆ ಇಲ್ಲ ಎಂದು ತಿಳಿಸಿದೆ. ಬೆದರಿಸಲಿಕ್ಕಲ್ಲ. ಮನೆಯವರು ಸೊಸೆಯ ಕರ್ತವ್ಯ ಎಂದು ಕರೆಯುತ್ತಿದ್ದದ್ದು ಯಾರ ಕೆಲಸ ಎಂಬುದು ಕಾಗದದ ಮೇಲಾದರೂ ಕಾಣಲಿ ಎಂದು. ಹಿರಿಯರ ಸಹಾಯವಾಣಿ 14567ಕ್ಕೆ ಅವರೇ ಫೋನ್ ಮಾಡಿ ವಿಚಾರಿಸಿದರು. ಕೊನೆಗೆ ಒಪ್ಪಂದ ಹೀಗಾಯಿತು: ರಾತ್ರಿಯ ಮಗ್ಗುಲು ಗಂಡನದ್ದು, ತಿಂಗಳಲ್ಲಿ ನಾಲ್ಕು ದಿನ ನಾದಿನಿ ಬಂದಿರಬೇಕು, ಏರ್ ಬೆಡ್ ಮತ್ತು ಡೈಪರ್ ಖರ್ಚು ಮೈದುನನದ್ದು.

ಸುಜಾತರಿಗೆ ಕೊಟ್ಟ ಸಲಹೆ ಸಣ್ಣದು. ಸಿಟ್ಟು ಏರಿದಾಗ, ಅತ್ತೆ ಸುರಕ್ಷಿತವಾಗಿ ಮಲಗಿದ್ದಾರೆ ಎಂದು ನೋಡಿಕೊಂಡು ಕೋಣೆಯಿಂದ ಹೊರಗೆ ಬನ್ನಿ, ಹಿತ್ತಿಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳಿ, ಉಸಿರು ಇಳಿದ ಮೇಲೆ ಒಳಗೆ ಹೋಗಿ. ಮನಸ್ಸು ಹೇಗೇ ಇರಲಿ, ಲೋಟ ಎಡಗಡೆಗೇ ಇರಲಿ. ರಾತ್ರಿ ಮಲಗುವಾಗ ಐದು ನಿಮಿಷ ಕಣ್ಣು ಮುಚ್ಚಿ ಒಳಿತು ಬಯಸಿ, ಮೊದಲು ನಿಮಗೆ, ಆಮೇಲೆ ಮಗಳಿಗೆ. ಅತ್ತೆಯ ಸರದಿ ಬರದಿದ್ದರೂ ನಡೆಯುತ್ತದೆ. ಬೌದ್ಧರ ಮೈತ್ರಿ ಧ್ಯಾನದ ಹಳೆಯ ಕ್ರಮದಲ್ಲೂ ವೈರಿಯನ್ನು ಕೊನೆಗೇ ಇಟ್ಟಿದ್ದಾರೆ, ಮೊದಲೇ ಅಲ್ಲಿಗೆ ಹೋದರೆ ಸಿಟ್ಟೇ ಹೆಚ್ಚುತ್ತದೆಂದು. ಇನ್ನೊಂದು, ಈ ವರ್ಷ ಅಪ್ಪನ ತಿಥಿಗೆ ಎರಡು ದಿನ ಮುಂಚೆಯೇ ತವರಿಗೆ ಹೋಗಿ. ಅದನ್ನು ಹೇಳಿದ್ದಕ್ಕೆ ಅವರು ಬಹಳ ಹೊತ್ತು ಅತ್ತರು. ಹೋಗಿಯೂ ಬಂದರು.

ಅಪ್ಪನ ಮುಖ ನೋಡಲು ಬಿಡದಿದ್ದದ್ದನ್ನು ಅವರು ಕ್ಷಮಿಸಿಲ್ಲ. ಕ್ಷಮಿಸಿ ಎಂದು ನಾನೂ ಕೇಳಿಲ್ಲ. ಅತ್ತೆಯ ಬೆನ್ನಿನ ಹುಣ್ಣು ಮಾಯ್ದಿದೆ. ನಿದ್ದೆ ಪರವಾಗಿಲ್ಲ.

ಈಚೆಗೆ ಬಂದಾಗ ಹೊಸ ದೂರು ತಂದಿದ್ದರು. ಮೈದುನ ಎರಡು ತಿಂಗಳಿಂದ ದುಡ್ಡು ಕಳಿಸಿಲ್ಲ. "ಅವನ್ನ ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ಇದನ್ನೂ ಕರುಣೆ ಮಾಡ್ಕೋಬೇಕಾ ಮೇಡಂ?"

ಬೇಡ, ಅದನ್ನು ಹಾಗೇ ಇಟ್ಟುಕೊಳ್ಳಿ ಎಂದೆ. ಮೆಡಿಕಲ್ ಶಾಪಿನ ಬಿಲ್ಲುಗಳನ್ನೆಲ್ಲ ಫೋಟೊ ತೆಗೆದು ವಾಟ್ಸ್ಯಾಪ್ ಮಾಡಿ, ಆಮೇಲೆ ನಿಮ್ಮೆಜಮಾನರ ಎದುರಿಗೇ ಫೋನ್ ಹಚ್ಚಿ.