ಕ್ಷಮಿಸಿ ಎಂದು ಹೇಳಲು ನಾವು ಯಾರು?

ಮಾನ್ಯರೇ,

ಪಿರಿಯಾಪಟ್ಟಣದಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಆದ್ದರಿಂದ ಉಳಿದ ಓದುಗರಿಗಾಗಿ ಅದರ ತಿರುಳನ್ನು ಮೊದಲು ಹೇಳಿಬಿಡುತ್ತೇನೆ. ಚೀನಾದ ಸೆರೆಮನೆಗಳಲ್ಲಿ ದಶಕಗಳನ್ನು ಕಳೆದ ಟಿಬೆಟನ್ನರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ನಿಮಗೆ ಸಿಟ್ಟು ತರಿಸಿದೆ. ಕಷ್ಟ ಬಂದಷ್ಟೂ ನಂಬಿಕೆ ಗಟ್ಟಿಯಾಗುತ್ತದೆ ಎಂಬ ಧಾಟಿಯಲ್ಲಿ ಬರೆದರೆ ಹಿಂಸೆಯನ್ನೇ ಹೊಗಳಿದಂತಾಗುತ್ತದೆ ಎಂದಿದ್ದೀರಿ. ಪೆಟ್ಟು ತಿಂದವನಿಗೇ ಕ್ಷಮಿಸು ಎಂದು ಉಪದೇಶ ಮಾಡುವುದು ಇನ್ನೊಂದು ಪೆಟ್ಟಲ್ಲವೇ, ನಂಬಿಕೆ ಕಳೆದುಕೊಂಡು ಸತ್ತವರ ಕಥೆ ಬರೆಯುವವರು ಯಾರು ಎಂದು ಕೇಳಿದ್ದೀರಿ. ಟಿಬೆಟನ್ ನಿರಾಶ್ರಿತರು ನೆಲೆಸಿರುವ ಬೈಲುಕುಪ್ಪೆ ನಿಮ್ಮೂರಿನ ಪಕ್ಕದಲ್ಲೇ ಇರುವುದರಿಂದ ಅಲ್ಲಿನ ಹಿರಿಯರನ್ನು ಆ ದಿನಗಳ ಬಗ್ಗೆ ಕೇಳಬಹುದೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ.

ನಿಮ್ಮ ಮೊದಲ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಸೆರೆಮನೆಗೆ ಯಾರನ್ನೂ ಸಂತನನ್ನಾಗಿ ಮಾಡುವ ಶಕ್ತಿಯಿಲ್ಲ. 1959ರ ಮಾರ್ಚ್‌ನಲ್ಲಿ ಟಿಬೆಟಿನ ರಾಜಧಾನಿ ಲ್ಹಾಸಾದಲ್ಲಿ ಚೀನಾದ ಆಳ್ವಿಕೆಯ ವಿರುದ್ಧ ಎದ್ದ ದಂಗೆಯನ್ನು ಹತ್ತಿಕ್ಕಿದ ಮೇಲೆ ಜೈಲು ಸೇರಿದ ಸಾವಿರಾರು ಜನರನ್ನು ಎಲ್ಲಕ್ಕಿಂತ ಮೊದಲು ಹಿಡಿದದ್ದು ಹಸಿವು. ಅದರ ಬೆನ್ನಿಗೇ ಚೀನಾವನ್ನೆಲ್ಲ ಆವರಿಸಿದ ಮಹಾಕ್ಷಾಮ ಜೈಲಿನ ಗೋಡೆಗಳೊಳಗೆ ಇನ್ನಷ್ಟು ಘೋರವಾಗಿತ್ತು. ಪಾಲ್ಡೆನ್ ಗ್ಯಾತ್ಸೊ ಎಂಬ ಭಿಕ್ಷು, 33 ವರ್ಷ ಸೆರೆಯಲ್ಲಿದ್ದವರು, ಆ ದಿನಗಳಲ್ಲಿ ಬೂಟಿನ ಚರ್ಮವನ್ನು ತಿಂದದ್ದನ್ನು, ಹುಳುಗಳನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡದ್ದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಎತ್ತುಗಳ ಜಾಗದಲ್ಲಿ ಕೈದಿಗಳ ಹೆಗಲಿಗೆ ನೊಗ ಕಟ್ಟಿ ಹೊಲದ ಉಳುಮೆ ಮಾಡಿಸಲಾಗುತ್ತಿತ್ತು. ನಡಿಗೆ ನಿಧಾನವಾದರೆ ಹಿಂದಿನಿಂದ ಏಟು. ಬೆಳಗಿನಿಂದ ಸಂಜೆಯವರೆಗೆ ಹೀಗೆ ನೇಗಿಲು ಎಳೆದು ಬಂದವನ ಮುಂದೆ ಕುಳಿತು ನಿನ್ನ ನಂಬಿಕೆ ಎಷ್ಟು ಗಟ್ಟಿಯಾಯಿತು ಎಂದು ಕೇಳುವ ಧೈರ್ಯ ನನಗಿಲ್ಲ.

ಆದರೆ ಹಸಿವಿಗಿಂತ ಆಳಕ್ಕೆ ಇಳಿದ ಇನ್ನೊಂದು ಉಪಾಯ ಅಲ್ಲಿತ್ತು. ಅದಕ್ಕೆ ಥಾಮ್‌ಜಿಂಗ್ ಎಂದು ಹೆಸರು. ಒಬ್ಬನನ್ನು ಎಲ್ಲರ ನಡುವೆ ತಲೆ ಬಗ್ಗಿಸಿ ನಿಲ್ಲಿಸಿ, ಸಹಕೈದಿಗಳಿಂದಲೇ ಬೈಯಿಸಿ, ಹೊಡೆಸುವುದು. ಶಿಷ್ಯ ಗುರುವಿನ ಮೇಲೆ, ಆಳು ಒಡೆಯನ ಮೇಲೆ, ನೆರೆಯವನು ನೆರೆಯವನ ಮೇಲೆ ದೂರು ಹೇಳಬೇಕು. ಹೊಡೆಯದೆ ಸುಮ್ಮನೆ ನಿಂತವನಿಗೆ ಮುಂದಿನ ಸರದಿ. ಕಾವಲುಗಾರ ಹೊಡೆದರೆ ಮೈ ನೋಯುತ್ತದೆ. ಪಕ್ಕದಲ್ಲಿ ಮಲಗುವವನು ಹೊಡೆದರೆ ಮನುಷ್ಯರ ಮೇಲಿನ ಭರವಸೆಯೇ ಹೋಗುತ್ತದೆ. ಆ ಭರವಸೆಯನ್ನು ಮುರಿಯುವುದೇ ಇದರ ಉದ್ದೇಶವಾಗಿತ್ತು. ಪಾಲ್ಡೆನ್ ಗ್ಯಾತ್ಸೊ ಮೊದಲು ಸಿಕ್ಕಿಬಿದ್ದದ್ದೂ ಇಂಥ ಒತ್ತಾಯದಲ್ಲೇ. ನಿನ್ನ ಗುರು ಭಾರತದ ಗೂಢಚಾರ ಎಂದು ಹೇಳು ಎಂದರು, ಅವರು ಹೇಳಲಿಲ್ಲ. ಎಷ್ಟೋ ಜನ ಹೇಳಿದರು. ಹೇಳಿದವರನ್ನು ಹೇಡಿಗಳೆಂದು ಕರೆಯಲು ನಾನು ಸಿದ್ಧನಿಲ್ಲ.

1990ರಲ್ಲಿ ಲ್ಹಾಸಾದ ದ್ರಾಪ್ಚಿ ಜೈಲಿನಲ್ಲಿ ನಡೆದದ್ದನ್ನೂ ಹೇಳಬೇಕು. ಟಿಬೆಟ್ ಸ್ವತಂತ್ರವಾಗಬೇಕೆಂದು ಭಿತ್ತಿಪತ್ರ ಅಂಟಿಸಿದ್ದಕ್ಕೆ ಪಾಲ್ಡೆನ್ ಗ್ಯಾತ್ಸೊ ಮತ್ತೆ ಒಳಗಿದ್ದರು. ಇಲ್ಲಿಗೆ ಯಾಕೆ ಬಂದೆ ಎಂದು ಅಧಿಕಾರಿ ಕೇಳಿದ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಧಿಕಾರಿ ವಿದ್ಯುತ್ ಲಾಠಿಯನ್ನು ಅವರ ಬಾಯಿಗೇ ತುರುಕಿದ. ಎಚ್ಚರವಾದಾಗ ಅವರು ರಕ್ತದ ಮಡುವಿನಲ್ಲಿ ಬಿದ್ದಿದ್ದರು. ಹಲ್ಲುಗಳು ಒಂದೊಂದಾಗಿ ಉದುರಿಹೋದವು. ಆ ಅಧಿಕಾರಿ ಚೀನೀಯನಾಗಿರಲಿಲ್ಲ, ಅವರದೇ ಭಾಷೆಯಾಡುವ ಟಿಬೆಟನ್. ಹಿಂಸೆಗೆ ಜನಾಂಗವಿಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ನನಗೆ ಗೊತ್ತಿಲ್ಲ. ಇಡೀ ಚೀನೀ ಜನತೆಯನ್ನು ಶಪಿಸಿ ಬರುವ ಪತ್ರಗಳನ್ನು ನಾವು ಅಚ್ಚು ಹಾಕದಿರುವುದೂ ಇದೇ ಕಾರಣಕ್ಕೆ.

ಇನ್ನು ಕ್ಷಮೆಯ ಮಾತು. ಕಳೆದ ಸಂಚಿಕೆಯ ಲೇಖನದಲ್ಲಿ ಬಂದ ಪ್ರಸಂಗವನ್ನು ದಲೈ ಲಾಮಾ ಹಲವು ಸಲ ಹೇಳಿದ್ದಾರೆ. ಅವರಿಗೆ ಪರಿಚಯವಿದ್ದ ಭಿಕ್ಷುವೊಬ್ಬರು 18 ವರ್ಷ ಸೆರೆಯಲ್ಲಿದ್ದು ಕೊನೆಗೆ ಭಾರತಕ್ಕೆ ಬಂದರು. ಮಾತಿನ ನಡುವೆ, ಕೆಲವು ಸಲ ತಾನು ಅಪಾಯದಲ್ಲಿದ್ದೆ ಎಂದರು. ಎಂಥ ಅಪಾಯ ಎಂದು ದಲೈ ಲಾಮಾ ಕೇಳಿದರು. ಜೀವಕ್ಕೆ ಬಂದ ಕುತ್ತಿನ ವಿಚಾರವಿರಬೇಕು ಎಂದುಕೊಂಡಿದ್ದರು. ಭಿಕ್ಷು ಹೇಳಿದ್ದು, ಚೀನೀಯರ ಮೇಲಿನ ಕರುಣೆ ಕಳೆದುಹೋಗುವ ಅಪಾಯ.

ಇದನ್ನು ಓದಿ ನಿಮಗೆ ಸಿಟ್ಟು ಬಂತು. ನನಗೆ ಬರಲಿಲ್ಲ, ಅದಕ್ಕೆ ಕಾರಣ ಹೇಳುತ್ತೇನೆ. ಜೈಲಿನಲ್ಲಿ ಆ ಭಿಕ್ಷುವಿಗೆ ಯಾರೂ ಕರುಣೆಯನ್ನು ಉಪದೇಶಿಸಿರಲಿಲ್ಲ. ಜೈಲಿನವರಿಗೆ ಅವರ ಕರುಣೆ ಬೇಕಾಗಿಯೂ ಇರಲಿಲ್ಲ. ಮಠ, ಗ್ರಂಥ, ಕಾವಿ, ಹೆಸರು ಎಲ್ಲವನ್ನೂ ಕಸಿದುಕೊಂಡ ಮೇಲೆ ಅವರ ಸ್ವಂತದ್ದೆಂದು ಉಳಿದದ್ದು ಅದೊಂದೇ. ಅದೂ ಹೋದರೆ ತಮ್ಮಲ್ಲಿ ಇನ್ನೇನೂ ಉಳಿಯುವುದಿಲ್ಲ ಎಂದು ಅವರು ಅಂಜಿದರು. ಅವರ ಮಾತಿನಲ್ಲಿ ಗೆದ್ದವನ ಹೆಮ್ಮೆ ನನಗೆ ಕಾಣುವುದಿಲ್ಲ. ಕೆಲವು ಸಲ ಎಂದಿದ್ದಾರೆ ನೋಡಿ. ಎಂದರೆ ದ್ವೇಷ ಅವರ ಬಾಗಿಲಿಗೂ ಬಂದಿತ್ತು, ಒಮ್ಮೆಯಲ್ಲ, ಮತ್ತೆ ಮತ್ತೆ ಬಂದಿತ್ತು. ಅವರು ತಮ್ಮ ಬಗ್ಗೆ ತಾವು ಹೇಳಿಕೊಂಡದ್ದನ್ನು ನಾವು ಎತ್ತಿಕೊಂಡು ಇನ್ನೊಬ್ಬ ಸಂತ್ರಸ್ತನ ಮುಂದೆ ಹಿಡಿದು, ನೀನೂ ಹೀಗಿರು ಎಂದಾಗ ಮಾತ್ರ ಅದು ನೀವು ಹೇಳುವ ಇನ್ನೊಂದು ಪೆಟ್ಟಾಗುತ್ತದೆ. ಆ ಹಕ್ಕು ನನಗಿಲ್ಲ, ನಿಮಗೂ ಇಲ್ಲ, ಯಾವ ಧರ್ಮಗುರುವಿಗೂ ಇಲ್ಲ.

ಜೊತೆಗೆ, ಕರುಣೆ ಎಂದರೆ ಲೆಕ್ಕ ಕೇಳದೆ ಬಿಡುವುದು ಎಂದು ಇವರಲ್ಲಿ ಯಾರೂ ತಿಳಿದಿರಲಿಲ್ಲ. 1992ರಲ್ಲಿ ಬಿಡುಗಡೆಯಾದ ಪಾಲ್ಡೆನ್ ಗ್ಯಾತ್ಸೊ ಹಿಮಾಲಯ ದಾಟಿ ಬರುವಾಗ ಏನು ತಂದರು ಗೊತ್ತೇ? ವಿದ್ಯುತ್ ಲಾಠಿಗಳು, ಕೈಕೋಳಗಳು; ತಮ್ಮಂಥವರ ಮೈಮೇಲೆ ಬಳಸಿದ ಹತ್ಯಾರುಗಳು. ಲಂಚ ಕೊಟ್ಟು ಅವನ್ನು ಸಂಪಾದಿಸಿದ್ದರು. 1995ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಮುಂದೆ ಸಾಕ್ಷಿ ಹೇಳಿದರು. 2018ರ ನವೆಂಬರ್‌ನಲ್ಲಿ ಧರ್ಮಶಾಲೆಯಲ್ಲಿ ಕಣ್ಣು ಮುಚ್ಚಿದರು.

ದ್ರಾಪ್ಚಿಯ ಭಿಕ್ಷುಣಿಯರದೂ ಇದೇ ಛಲ. 1993ರಲ್ಲಿ ಅಲ್ಲಿದ್ದ 14 ಮಂದಿ, ಹೆಚ್ಚಿನವರು ಇನ್ನೂ ಎಳೆಯ ವಯಸ್ಸಿನವರು, ಕದ್ದು ತಂದ ಟೇಪ್ ರೆಕಾರ್ಡರಿನ ಮುಂದೆ ಕುಳಿತು ತಮ್ಮ ನಾಡಿನ, ದಲೈ ಲಾಮಾ ಅವರ, ಮನೆಯವರ ನೆನಪಿನ ಹಾಡುಗಳನ್ನು ಹಾಡಿದರು. ಕ್ಯಾಸೆಟ್ ಹೊರಗೆ ಸಾಗಿತು, ಲೋಕ ಕೇಳಿತು, ಹಾಡಿದವರ ಶಿಕ್ಷೆ ವರ್ಷಗಟ್ಟಲೆ ಹೆಚ್ಚಿತು. ಅವರಲ್ಲಿ ನವಾಂಗ್ ಸಂಗ್‌ದ್ರೊಲ್ ಮೊದಲ ಸಲ ಸೆರೆಯಾದಾಗ ಆಕೆಗೆ 13 ವರ್ಷ. 2002ರಲ್ಲಿ ಹೊರಗೆ ಬಂದಾಗ 25. ನಮ್ಮ ಮನೆಯ ಹುಡುಗಿಯೊಬ್ಬಳು ಏಳನೇ ತರಗತಿಯಿಂದ ಪದವಿ ಮುಗಿಸಿ ಕೆಲಸಕ್ಕೆ ಸೇರುವವರೆಗಿನ ಕಾಲವದು.

ಸತ್ತವರ ಬಗ್ಗೆ ನೀವು ಕೇಳಿದ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ದಲೈ ಲಾಮಾ ಅವರ ವೈದ್ಯರಾಗಿದ್ದ ತೆನ್‌ಝಿನ್ ಚೊದ್ರಾಕ್ ಎರಡು ದಶಕ ಸೆರೆಯಲ್ಲಿದ್ದು ಬದುಕಿ ಬಂದರು. ಧ್ಯಾನದ ಅಭ್ಯಾಸ ತಮ್ಮನ್ನು ಉಳಿಸಿತೆಂದು ನಂಬಿದ್ದರು. ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರೊಂದಿಗೆ ದೂರದ ಗಾನ್ಸು ಪ್ರಾಂತ್ಯದ ಶಿಬಿರಕ್ಕೆ ಹೋದ ಟಿಬೆಟನ್ನರಲ್ಲಿ ಹೆಚ್ಚಿನವರು ಹಿಂದಿರುಗಲಿಲ್ಲ. ಅವರ ನಂಬಿಕೆ ತೂಕದಲ್ಲಿ ಕಡಿಮೆಯಾಗಿತ್ತೇ? ಯಾರ ದೇಹ ಎಷ್ಟು ತಾಳಿತು, ಯಾರಿಗೆ ಯಾವ ಕೆಲಸ ಬಿತ್ತು, ಯಾರ ಕೈಗೆ ಒಂದು ಹಿಡಿ ಬಾರ್ಲಿ ಹಿಟ್ಟು ಹೆಚ್ಚು ಬಂತು ಎಂಬುದರ ಮೇಲೆ ಬಹಳಷ್ಟು ನಿಂತಿತ್ತು. ಪೂರ್ವ ಟಿಬೆಟಿನ ಖಾಮ್ ಪ್ರಾಂತ್ಯದ ಅಮಾ ಆಧೆ 1958ರಲ್ಲಿ ಸೆರೆಯಾದಾಗ ಎಳೆಯ ಮಕ್ಕಳ ತಾಯಿ. ಎಳೆದೊಯ್ಯುವಾಗ ಅವರನ್ನು ಬಿಡದೆ ಅತ್ತ ಮಗ ಆಮೇಲೆ ನದಿಗೆ ಬಿದ್ದು ಸತ್ತ. ಸೀಸದ ಗಣಿಯಲ್ಲಿ ಜೊತೆಗಿದ್ದ ಹೆಂಗಸರಲ್ಲಿ ಉಳಿದವರು ಬೆರಳೆಣಿಕೆಯಷ್ಟು. 27 ವರ್ಷಗಳ ನಂತರ ಹೊರಬಂದ ಆಕೆ ಭಾರತಕ್ಕೆ ಬಂದು, ಮುಂದಿನ ಬದುಕನ್ನೆಲ್ಲ ಆ ಸತ್ತವರ ಪರವಾಗಿ ಮಾತಾಡುವುದಕ್ಕೇ ಕೊಟ್ಟರು. ಹಾಗಾಗಿ ಸತ್ತವರ ಕಥೆಯನ್ನು ಯಾರು ಬರೆಯುತ್ತಾರೆ ಎಂಬುದಕ್ಕೆ ನನ್ನ ಬಳಿ ಇರುವ ಉತ್ತರ ಆಕೆಯೇ. ನಮ್ಮ ಲೇಖನದಲ್ಲಿ ಆಕೆಯ ಹೆಸರು ಇರಬೇಕಿತ್ತು ಎಂಬ ನಿಮ್ಮ ಆಕ್ಷೇಪ ನ್ಯಾಯವಾದದ್ದು.

ಬೈಲುಕುಪ್ಪೆಗೆ ಹೋಗಿ ಕೇಳಬಹುದೇ ಎಂದರೆ, ಖಂಡಿತ ಹೋಗಿ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3000 ಎಕರೆ ಕಾಡನ್ನು ಕಡಿದು, ಆನೆಗಳ ಕಾಟ ಸಹಿಸಿ ಮೆಕ್ಕೆಜೋಳ ಬೆಳೆದವರ ಊರು ಅದು. ಅಲ್ಲಿನ ಸೆರಾ ಮಠದ ಹಿರಿಯ ಭಿಕ್ಷುಗಳಲ್ಲಿ ಕೆಲವರು ಇಲ್ಲಿಗೆ ಬರುವ ಮೊದಲು ಬಂಗಾಳದ ಬಕ್ಸಾ ಕೋಟೆಯಲ್ಲಿ ವರ್ಷಗಟ್ಟಲೆ ಇದ್ದವರು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗವದು. ಅಲ್ಲಿ ಕ್ಷಯ ಎಷ್ಟೋ ಜನರನ್ನು ಕೊಂದಿತು. ಚಿನ್ನದ ಬಣ್ಣದ ದೇವಾಲಯದ ಮುಂದೆ ಫೋಟೊ ತೆಗೆಸಿಕೊಂಡು ಮರಳುವ ನಮ್ಮಲ್ಲಿ ಇದನ್ನು ಕೇಳಿ ತಿಳಿದವರು ಕಡಿಮೆ.

ಹೋಗುವಾಗ ಕನ್ನಡ ಬಲ್ಲ ಅಲ್ಲಿನ ಯುವಕರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೊದಲ ದಿನವೇ ಜೈಲಿನ ವಿಷಯ ತೆಗೆಯಬೇಡಿ. ಕ್ಷಮಿಸಿದಿರಾ ಎಂದು ಮಾತ್ರ ಕೇಳಲೇಬೇಡಿ. ಅವರು ಹೇಳಿದ್ದನ್ನು ಬರೆದು ಕಳಿಸಿದರೆ ನಾವು ಪ್ರಕಟಿಸುತ್ತೇವೆ, ಕೋಪವಿದ್ದರೆ ಕೋಪದ ಸಮೇತ. ಆದರೆ ಅವರ ಹೆಸರು, ಹುಟ್ಟೂರು ಯಾವುದನ್ನೂ ಬರೆಯಬೇಡಿ. ಅವರ ಬಂಧುಗಳು ಇನ್ನೂ ಟಿಬೆಟಿನಲ್ಲೇ ಇರಬಹುದು. ಇಲ್ಲಿ ಅಚ್ಚಾದ ಒಂದು ಹೆಸರಿಗಾಗಿ ಅಲ್ಲಿ ಯಾರದೋ ಮನೆಯ ಕದ ತಟ್ಟುವವರು ಇಂದಿಗೂ ಇದ್ದಾರೆ.

ಇಂತು,
ಸಂಪಾದಕ