ಓದುಗರ ಪ್ರಶ್ನೆಗಳು: ನುಸಿ ಸತ್ತರೂ ಸೀನು ನಿಲ್ಲದಿರುವುದೇಕೆ?

ಪ್ರಶ್ನೆ: ಮಳೆಗಾಲ ಶುರುವಾದೊಡನೆ ನನಗೆ ಬೆಳಗಿನ ಹೊತ್ತು ಬಿಡದೆ ಸೀನು ಬರುತ್ತದೆ. ರಕ್ತ ಪರೀಕ್ಷೆಯ ವರದಿಯಲ್ಲಿ ಡೆರ್ ಪಿ 1, ಡೆರ್ ಪಿ 2 ಎಂಬ ಸಾಲುಗಳ ಮುಂದೆ ದೊಡ್ಡ ಅಂಕಿಗಳಿದ್ದವು. ಇದು ಧೂಳುನುಸಿಯ ಅಲರ್ಜಿ ಎಂದು ಡಾಕ್ಟರು ಹೇಳಿದರು. ಮೇ ತಿಂಗಳಲ್ಲಿ ಗಾದಿಗಳನ್ನೆಲ್ಲ ತಾರಸಿಯ ಬಿಸಿಲಿಗೆ ಹಾಕಿದ್ದೆವು. ನುಸಿ ಸತ್ತರೂ ಅಲರ್ಜಿ ಉಳಿಯುವುದು ಹೇಗೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ತಮ್ಮ ದೇಹ ಗುರುತಿಸುತ್ತಿರುವುದು ನುಸಿಯ ಕೆಲವು ಪ್ರೋಟೀನುಗಳನ್ನು, ಅವನ್ನು ತಯಾರಿಸಿದ ಜೀವಿ ಬದುಕಿದೆಯೋ ಸತ್ತಿದೆಯೋ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಮನೆಯ ಧೂಳಿನ ಅಲರ್ಜಿಗೆ ನುಸಿಯೇ ಮೂಲವೆಂಬುದನ್ನು ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದ ಸಂಶೋಧಕರು 1960ರ ದಶಕದಲ್ಲಿ ತೋರಿಸಿದರು. ಆ ಪ್ರೋಟೀನು ಹೆಚ್ಚಾಗಿ ತುಂಬಿಕೊಂಡಿರುವುದು ನುಸಿಯ ಹಿಕ್ಕೆಯಲ್ಲಿ ಎಂಬುದು ತಿಳಿದದ್ದು 1981ರಲ್ಲಿ. ನುಸಿಯೇ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ದೊಡ್ಡದಲ್ಲ. ಅದರ ಹಿಕ್ಕೆಯ ಕಣ ಇನ್ನೂ ಎಷ್ಟೋ ಚಿಕ್ಕದು. ಗಾದಿ ಕೊಡವಿದಾಗ ಈ ಕಣಗಳು ಮೇಲೆದ್ದು ಮೂಗನ್ನು ಸೇರುತ್ತವೆ.

ವರದಿಯಲ್ಲಿರುವ ಹೆಸರುಗಳಿಗೆ ಒಂದು ಕ್ರಮವಿದೆ. ಡರ್ಮಟೊಫಗಾಯ್ಡಿಸ್ ಟೆರೊನಿಸಿನಸ್ ಎಂಬ ನುಸಿಯ ವೈಜ್ಞಾನಿಕ ಹೆಸರಿನ ಮೊದಲ ಪದದಿಂದ ಮೂರು ಅಕ್ಷರ, ಎರಡನೆಯದರಿಂದ ಒಂದು ಅಕ್ಷರ, ಬಳಿಕ ಪ್ರೋಟೀನಿನ ಗುಂಪಿನ ಸಂಖ್ಯೆ, ಇಷ್ಟೇ. ಎರಡನೆಯ ಪದದ ಲ್ಯಾಟಿನ್ ಕಾಗುಣಿತ ‘ಪಿ’ಯಿಂದ ಆರಂಭವಾಗುವುದರಿಂದ ಡೆರ್ ಪಿ ಎಂದಾಯಿತು.

ಡೆರ್ ಪಿ 1 ನುಸಿಯ ಹೊಟ್ಟೆಯಲ್ಲಿ ಆಹಾರವನ್ನು ಅರಗಿಸುವ ಕಿಣ್ವ. ಪಪ್ಪಾಯಿಯ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವದ ಕುಲಕ್ಕೇ ಇದು ಸೇರಿದೆ. ನುಸಿಯ ಜೀವಕೋಶದಲ್ಲಿ ಇದು ಮೊದಲು 320 ಅಮೈನೋ ಆಮ್ಲಗಳ (ಪ್ರೋಟೀನು ಕಟ್ಟುವ ಬಿಡಿ ಕೊಂಡಿಗಳ) ಸರಪಳಿಯಾಗಿ ತಯಾರಾಗುತ್ತದೆ. ಅದರ ಮೊದಲ 18 ಕೊಂಡಿಗಳು ಬೇಗನೆ ಕಳಚಿಹೋಗುತ್ತವೆ. ನಂತರದ 80 ಕೊಂಡಿಗಳ ತುಂಡು ಕಿಣ್ವದ ಕೆಲಸ ನಡೆಯುವ ಜಾಗವನ್ನು ಮುಚ್ಚಿಕೊಂಡಿದ್ದು, ಅದೂ ಬಿದ್ದುಹೋದ ಮೇಲೆ ಉಳಿಯುವ 222 ಕೊಂಡಿಗಳದ್ದೇ ಪಕ್ವ ಪ್ರೋಟೀನು. ಇದು ಎರಡು ಭಾಗಗಳಾಗಿ ಮಡಿಚಿಕೊಂಡಿರುತ್ತದೆ. ಅವುಗಳ ನಡುವಿನ ಸೀಳಿನಲ್ಲಿ ಕುಳಿತ ಗಂಧಕಯುಕ್ತ ಸಿಸ್ಟೀನ್ ಎಂಬ ಅಮೈನೋ ಆಮ್ಲ ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಕೆಲಸ ಮಾಡುತ್ತದೆ. ಈ ಕತ್ತರಿಸುವ ಗುಣವೇ ನಮಗೆ ಮುಳುವಾಗಿರುವುದು. ಶ್ವಾಸನಾಳದ ಒಳಪದರದ ಕೋಶಗಳನ್ನು ಒಂದಕ್ಕೊಂದು ಬಿಗಿದಿಟ್ಟಿರುವ ಪ್ರೋಟೀನುಗಳನ್ನು ಡೆರ್ ಪಿ 1 ಸಡಿಲಿಸಬಲ್ಲದೆಂದು ಪ್ರಯೋಗಾಲಯದ ಅಧ್ಯಯನಗಳು 1999ರಲ್ಲೇ ತೋರಿಸಿವೆ. ಹಾಗೆ ಬಿಟ್ಟ ಸಂದಿಯಲ್ಲಿ ಅದರ ಜೊತೆಗೆ ಇತರ ಪ್ರೋಟೀನುಗಳೂ ಒಳಕ್ಕೆ ನುಸುಳುತ್ತವೆ.

ಒಮ್ಮೆ ಒಳಹೊಕ್ಕ ಪ್ರೋಟೀನಿನ ಮೇಲ್ಮೈಯ ಉಬ್ಬುತಗ್ಗುಗಳಿಗೆ ಹೊಂದುವ ಐಜಿಇ ಎಂಬ ಬಗೆಯ ಪ್ರತಿಕಾಯಗಳನ್ನು ಅಲರ್ಜಿಯವರ ದೇಹ ತಯಾರಿಸಿ, ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳ ಮೇಲೆ ಕೂರಿಸಿರುತ್ತದೆ. ಮುಂದೆ ಅದೇ ಪ್ರೋಟೀನು ಬಂದು ಅಕ್ಕಪಕ್ಕದ ಎರಡು ಪ್ರತಿಕಾಯಗಳನ್ನು ಏಕಕಾಲಕ್ಕೆ ಹಿಡಿದಾಗ ಆ ಕೋಶಗಳು ಸೀನು, ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ತಮ್ಮ ಬೆಳಗಿನ ಸೀನು ಅದರ ಫಲ. ಬಿಸಿಲು ನುಸಿಯನ್ನು ಒಣಗಿಸಿ ಕೊಲ್ಲುತ್ತದೆ, ಆದರೆ ಒಣಗಿದ ಹಿಕ್ಕೆಯೊಳಗಿನ ಪ್ರೋಟೀನು ತಿಂಗಳುಗಟ್ಟಲೆ ಆಕಾರ ಕೆಡದೆ ಉಳಿಯಬಲ್ಲದು. ಸಾಲದೆಂಬಂತೆ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ; ಜೂನ್ ಬಂದೊಡನೆ ಮುಂಬಯಿಯ ಗಾಳಿ ಅದಕ್ಕೆ ಬೇಕಾದ ತೇವವನ್ನು ಧಾರಾಳವಾಗಿ ಒದಗಿಸುತ್ತದೆ.

ಪ್ರಶ್ನೆ: ಹೊದಿಕೆಗಳನ್ನು ಕುದಿಯುವ ನೀರಿಗೆ ಹಾಕಿದರೆ ಮೊಟ್ಟೆ ಬೆಂದ ಹಾಗೆ ಈ ಪ್ರೋಟೀನುಗಳೂ ಕೆಟ್ಟುಹೋಗಬೇಕಲ್ಲವೆ?
– ಗೃಹಿಣಿಯೊಬ್ಬರು, ಚೆಂಬೂರು

ಉತ್ತರ: ಡೆರ್ ಪಿ 1ರ ವಿಷಯದಲ್ಲಿ ತಮ್ಮ ಊಹೆ ಬಹುಮಟ್ಟಿಗೆ ಸರಿ, ಕಾವಿಗೆ ಅದು ಸೋಲುತ್ತದೆ. ಡೆರ್ ಪಿ 2 ಹಾಗಲ್ಲ. 129 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನಿನಲ್ಲಿ ಬೀಟಾ ಹಾಳೆಗಳೆಂಬ, ಸರಪಳಿಯ ಎಳೆಗಳು ಪಕ್ಕಪಕ್ಕ ಸೇರಿ ಆದ ಎರಡು ಹಾಳೆಗಳು ಎದುರುಬದುರಾಗಿದ್ದು, ಸರಪಳಿಯ ದೂರದ ಭಾಗಗಳನ್ನು ಮೂರು ಗಂಧಕದ ಬಂಧಗಳು ಹಿಡಿದಿಟ್ಟಿವೆ. ಕಾಯಿಸಿದಾಗ ಮಡಿಕೆ ಬಿಚ್ಚಿಕೊಂಡರೂ ಈ ಬಂಧಗಳು ಬಿಡುವುದಿಲ್ಲವಾದ್ದರಿಂದ ತಣಿದ ಮೇಲೆ ಪ್ರೋಟೀನು ಹಳೆಯ ಆಕಾರಕ್ಕೆ ಮರಳಬಲ್ಲದು. ಹಾಳೆಗಳ ನಡುವೆ ಕೊಬ್ಬಿನ ಅಣುಗಳಿಗೆ ಹೇಳಿ ಮಾಡಿಸಿದಂಥ ಪೊಳ್ಳೊಂದಿದೆ. ನಮ್ಮದೇ ದೇಹದಲ್ಲಿ ಬ್ಯಾಕ್ಟೀರಿಯಾದ ಸುಳಿವು ಹಿಡಿಯಲು ನೆರವಾಗುವ ಎಂಡಿ-2 ಎಂಬ ಪ್ರೋಟೀನಿನ ರಚನೆಯೂ ಹೀಗೆಯೇ ಇದ್ದು, ಡೆರ್ ಪಿ 2 ಅದರ ಕೆಲಸವನ್ನು ಅನುಕರಿಸಿ ಉರಿಯೂತವನ್ನು ಕೆರಳಿಸಬಲ್ಲದೆಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ನನ್ನ ದೃಷ್ಟಿಯಲ್ಲಿ ನುಸಿಯ ಪ್ರೋಟೀನುಗಳಲ್ಲೆಲ್ಲ ಅತ್ಯಂತ ಕುತೂಹಲಕರವಾದುದು ಇದೇ.

ಹಾಗೆಂದು ಒಗೆತ ವ್ಯರ್ಥವಲ್ಲ. ಈ ಎರಡೂ ಪ್ರೋಟೀನುಗಳು ನೀರಿನಲ್ಲಿ ಕರಗುವುದರಿಂದ ಅವುಗಳ ಬಹುಪಾಲು ಒಗೆದ ನೀರಿನೊಂದಿಗೇ ಹರಿದುಹೋಗುತ್ತದೆ. ನುಸಿ ಸಾಯಲು 60 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು, ಕುದಿಸಬೇಕಾಗಿಲ್ಲ.

ಪ್ರಶ್ನೆ: ನುಸಿಯ ಅಲರ್ಜಿ ಇರುವವರು ಸಿಗಡಿ ತಿನ್ನಬಾರದೆಂದು ಹೋಟೆಲಿನ ಗಿರಾಕಿಯೊಬ್ಬರು ಹೇಳಿದರು. ನಿಜವೆ?
– ಓದುಗರೊಬ್ಬರು, ಮಾಟುಂಗಾ

ಉತ್ತರ: ಎಲ್ಲರಿಗೂ ಅನ್ವಯಿಸುವ ಮಾತಲ್ಲ. ನುಸಿಯ ಸ್ನಾಯುವಿನಲ್ಲಿರುವ ಡೆರ್ ಪಿ 10 ಎಂಬುದು ಟ್ರೊಪೊಮಯೋಸಿನ್. ಎರಡು ನೀಳ ಸುರುಳಿಗಳು ಹುರಿಗೊಂಡಿರುವ ಈ ಪ್ರೋಟೀನು ಸಿಗಡಿಯಲ್ಲಿಯೂ ಇದ್ದು, ಎರಡರ ಅಮೈನೋ ಆಮ್ಲಗಳ ಜೋಡಣೆ ಬಹುಪಾಲು ಒಂದೇ. ಇದು ಕಾವಿಗೆ ಕೆಡುವುದಿಲ್ಲವಾದ್ದರಿಂದ ಚೆನ್ನಾಗಿ ಬೇಯಿಸಿದ ಸಿಗಡಿಯಿಂದಲೂ ತೊಂದರೆಯಾಗಬಹುದು. ಆದರೆ ನುಸಿಯ ಅಲರ್ಜಿಯುಳ್ಳವರಲ್ಲಿ ಹೆಚ್ಚಿನವರು ಪ್ರತಿಕ್ರಿಯಿಸುವುದು ಡೆರ್ ಪಿ 1 ಮತ್ತು 2ಕ್ಕೆ. ಡೆರ್ ಪಿ 10ಕ್ಕೆ ಪ್ರತಿಕ್ರಿಯಿಸುವವರು ಕಡಿಮೆ. ಸಿಗಡಿ ತಿಂದಾಗ ಬಾಯಿ ತುರಿಸಿದ, ಮೈಮೇಲೆ ದದ್ದು ಎದ್ದ ಅನುಭವವಿದ್ದವರು ಡಾಕ್ಟರರನ್ನು ಕೇಳದೆ ಮತ್ತೆ ತಿನ್ನಕೂಡದು. ಬಂಗುಡೆ, ಅಂಜಲ್ ಮೊದಲಾದ ಮೀನುಗಳ ಅಲರ್ಜಿಗೆ ಮುಖ್ಯ ಕಾರಣ ಪಾರ್ವಾಲ್ಬುಮಿನ್ ಎಂಬ ಬೇರೊಂದು ಪ್ರೋಟೀನಾಗಿದ್ದು, ನುಸಿಗೂ ಅದಕ್ಕೂ ಸಂಬಂಧವಿಲ್ಲ.