ಎಷ್ಟು ಅಲ್ಲ, ಯಾವುದು?

ಪ್ರಶ್ನೆ: ರಸ್ತೆಯಂಚಿನ ಮರಗಳಲ್ಲಿ ಮೊದಲು ಗಡ್ಡದಂತೆ ಇಳಿಬಿದ್ದ ಬೂದು ಕಲ್ಲುಹೂ ಇರುತ್ತಿತ್ತು. ವಾಹನಗಳು ಹೆಚ್ಚಿದ ಮೇಲೆ ಅದು ಕಾಣೆಯಾಗಿ, ಈಗ ತೊಗಟೆಯ ತುಂಬ ಹಳದಿ ಮಚ್ಚೆಗಳು ಹಬ್ಬಿವೆ. ಕಲ್ಲುಹೂ ಇದ್ದಲ್ಲಿ ಗಾಳಿ ಶುದ್ಧವೆಂದು ಓದಿದ್ದೇನೆ. ಹಾಗಾದರೆ ಗಾಳಿ ಸುಧಾರಿಸಿದೆಯೇ? ಈ ಮಚ್ಚೆಗಳನ್ನು ಕೆರೆದು ತೆಗೆಯಬೇಕೇ?

ಉತ್ತರ: ನೀವು ಓದಿದ್ದು ಅರ್ಧ ಸತ್ಯ. ವಿದ್ಯಾರ್ಥಿಯಾಗಿದ್ದಾಗ ಅದನ್ನೇ ನಂಬಿ ಒಂದಿಡೀ ಮಧ್ಯಾಹ್ನ ಮಚ್ಚೆಗಳನ್ನು ಎಣಿಸಿ, ‘ಗಾಳಿ ಉತ್ತಮ’ ಎಂದು ಬರೆದುಕೊಂಡು ಹೋಗಿದ್ದೆ. ಗುರುಗಳು ಭೂತಗನ್ನಡಿಯನ್ನು ಕೈಗಿಟ್ಟು, “ಎಷ್ಟು ಎಂಬುದು ಆಮೇಲೆ, ಯಾವುದು ಎಂದು ಮೊದಲು ಹೇಳು” ಎಂದರು. ನನಗೆ ಒಂದರ ಹೆಸರೂ ಗೊತ್ತಿರಲಿಲ್ಲ.

ಕಲ್ಲುಹೂ ಎಂದರೆ ಶಿಲೀಂಧ್ರವೂ ಪಾಚಿಯೂ ಕೂಡಿ ಹೂಡಿದ ಸಂಸಾರ. ಶಿಲೀಂಧ್ರದ್ದು ಮನೆ, ಪಾಚಿಯದು ಅಡುಗೆ. ಇದಕ್ಕೆ ಬೇರಿಲ್ಲ, ಎಲೆಗಳಿಗಿರುವ ಮೇಣದ ಹೊದಿಕೆಯೂ ಇಲ್ಲ. ಮಳೆ, ಮಂಜು, ಗಾಳಿ ತಂದದ್ದನ್ನೆಲ್ಲ ಮೈಯಿಡೀ ಹೀರಿಕೊಳ್ಳುತ್ತದೆ. ಕಲ್ಲಿದ್ದಲು ಉರಿದಾಗ ಹೊರಡುವ ಗಂಧಕದ ಡೈಆಕ್ಸೈಡ್ ಈ ಒದ್ದೆ ಮೈಯಲ್ಲಿ ಕರಗಿ ಆಮ್ಲವಾಗಿ, ಪಾಚಿಯ ಪತ್ರಹರಿತ್ತನ್ನು ಕೆಡಿಸುತ್ತದೆ. ಅಡುಗೆಯವನೇ ಹಾಸಿಗೆ ಹಿಡಿದರೆ ಮನೆ ಎಷ್ಟು ದಿನ ನಡೆದೀತು? ಗಡ್ಡದಂಥವು ಸುತ್ತಲೂ ಗಾಳಿಗೆ ಮೈಯೊಡ್ಡಿರುವುದರಿಂದ ಸಾಮಾನ್ಯವಾಗಿ ಅವೇ ಮೊದಲು ಹೋಗುತ್ತವೆ. ತೊಗಟೆಗೆ ಬಣ್ಣ ಬಳಿದಂತೆ ಅಂಟಿಕೊಂಡವು ಕೊನೆಗೆ.

ಇದನ್ನು ಗಮನಿಸಿದ್ದು ಇಂದು ನಿನ್ನೆಯಲ್ಲ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಬೆಳೆಯುವ ಕಲ್ಲುಹೂಗಳು ನಗರದ ಬೇರೆಡೆ ಇಲ್ಲವೆಂದು ಫಿನ್ಲೆಂಡಿನ ಸಸ್ಯವಿಜ್ಞಾನಿ ವಿಲಿಯಂ ನೈಲಾಂಡರ್ 1866ರಲ್ಲೇ ಬರೆದ. 1970ರಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ಹಾಕ್ಸ್‌ವರ್ತ್ ಮತ್ತು ರೋಸ್, ಮರದ ಮೇಲೆ ಯಾವ ಜಾತಿಯಿದೆ ಎಂಬುದರಿಂದಲೇ ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಾಳಿಯಲ್ಲಿನ ಗಂಧಕವನ್ನು ಅಂದಾಜು ಮಾಡುವ ಅಳತೆಪಟ್ಟಿಯನ್ನೇ ಕೊಟ್ಟರು.

ಇನ್ನು ನಿಮ್ಮ ಹಳದಿ. ಜ್ಯಾಂಥೋರಿಯಾ ಪರಿಯೆಟಿನಾದಂಥ ಕೆಲವು ಹಳದಿ ಜಾತಿಗಳಿಗೆ ಸಾರಜನಕವೆಂದರೆ ಹಬ್ಬ. ಸಗಣಿ, ಗೊಬ್ಬರಗಳಿಂದ ಏಳುವ, ಸಾರಜನಕವುಳ್ಳ ಅಮೋನಿಯಾ ಅನಿಲ ವಾಹನಗಳ ಹೊಗೆಯಲ್ಲೂ ಇರುತ್ತದೆ. ಹಳದಿಯೆಲ್ಲ ಅದೇ ಜಾತಿಯಲ್ಲ, ನಿಜ. ಆದರೆ ಗಡ್ಡ ಹೋಗಿ ಹಳದಿ ಬಂದಿದ್ದರೆ ನನ್ನ ಅನುಮಾನ ಹೊಗೆಯ ಮೇಲೆಯೇ. ಇದಕ್ಕೆ ತಿರುಗುಮುರುಗು ಕಥೆಯೂ ಇದೆ: ಬ್ರಿಟನ್ನಿನಲ್ಲಿ ಗಂಧಕದ ಹೊಗೆಯಲ್ಲಿ ಮೆರೆದಿದ್ದ ಲೆಕನೋರಾ ಕೊನಿಜಿಯಾಯ್ಡೀಸ್ ಎಂಬ ಕಲ್ಲುಹೂ, ಗಾಳಿ ತಿಳಿಯಾದಂತೆ ತಾನೇ ಅಪರೂಪವಾಯಿತು.

ಕೆರೆಯಬೇಡಿ. ಅದು ಮರದ ರಸವನ್ನು ಹೀರುವ ಬಂದಳಿಕೆಯಲ್ಲ. ಅದರ ಪಕ್ಕ ಅಳತೆಪಟ್ಟಿಯಿಟ್ಟು ವರ್ಷಕ್ಕೊಮ್ಮೆ ಅದೇ ಕಾಂಡದ ಫೋಟೋ ತೆಗೆಯಿರಿ. ಅವಸರ ಮಾತ್ರ ಬೇಡ; ಹಲವು ಜಾತಿಗಳು ವರ್ಷಕ್ಕೆ ಬೆಳೆಯುವುದೇ ಕೆಲವು ಮಿಲಿಮೀಟರ್.